ತನ್ನನ್ನು ಕಳಿಸುವ ಮಾತಿಗೆ ತಾನೇ ದುಭಾಷಿ

ದುಭಾಷಿ ಎಲ್ಲಿ ಕೂರಬೇಕು ಎನ್ನುವುದಕ್ಕೆ ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮಾತಾಡುವ ಇಬ್ಬರೂ ಎದುರುಬದುರು ಕೂರಬೇಕು. ದುಭಾಷಿ ಇಂಗ್ಲಿಷ್ ಬಾರದವರ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ. ಆಗ ಅವರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುತ್ತಾರೆ, ನಾವು ಬರೀ ದನಿಯಾಗಿ ಇರುತ್ತೇವೆ. ಆ ದಿನ ಶಾಲೆಯ ಮೀಟಿಂಗ್ ಕೋಣೆಗೆ ಹೋದರೆ ನಾನು ಕೂರಬೇಕಾದ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಏಳನೇ ತರಗತಿ. ನೀಲಿ ಯೂನಿಫಾರ್ಮ್ ಶರ್ಟು, ಬಿಗಿಯಾಗಿ ಹೆಣೆದ ಒಂಟಿ ಜಡೆ, ತೊಡೆಯ ಮೇಲೆ ಶಾಲೆಯ ಚೀಲ. ಮೀಟಿಂಗ್ ಕರೆದದ್ದು ಅವಳ ವಿಷಯಕ್ಕೇ.

ಅಟ್ಲಾಂಟಾದ ಉತ್ತರದ ಉಪನಗರಗಳಲ್ಲಿ ನಾನು ಕನ್ನಡ–ಇಂಗ್ಲಿಷ್ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಇಲ್ಲಿನ ನಮ್ಮವರಲ್ಲಿ ಹೆಚ್ಚಿನವರು ಸಾಫ್ಟ್‌ವೇರಿನವರು, ಅವರಿಗೆ ನನ್ನ ಅಗತ್ಯವಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮಂದಿರು ಆಸ್ಪತ್ರೆ ಸೇರಿದಾಗ, ಅಪರೂಪಕ್ಕೆ ಕೋರ್ಟಿನಲ್ಲಿ, ನನಗೆ ಕರೆ ಬರುತ್ತದೆ. ಶಾಲೆಯಿಂದ ಬಂದದ್ದು ಅದೇ ಮೊದಲು. ನನ್ನನ್ನು ಕಳಿಸುವ ಏಜೆನ್ಸಿಯಾಕೆ ಶಾಲೆಯ ಹೆಸರು ಹೇಳಿದ ಕೂಡಲೇ ಗೊತ್ತಾಯಿತು. ನಮ್ಮವರಲ್ಲಿ ಆ ಶಾಲೆ ಗೊತ್ತಿಲ್ಲದವರು ಯಾರು?

ಅದು ಚಾರ್ಟರ್ ಶಾಲೆ. ಅಂದರೆ ದುಡ್ಡು ಸರ್ಕಾರದ್ದು, ಫೀಸಿಲ್ಲ, ಆದರೆ ನಡೆಸುವುದು ತಮ್ಮದೇ ಒಂದು ಮಂಡಳಿ. ಸೀಟು ಲಾಟರಿಯಲ್ಲಿ. ಹಳೆಯ ಸೂಪರ್‌ಮಾರ್ಕೆಟ್ ಕಟ್ಟಡವನ್ನು ಗೋಡೆ ಹಾಕಿ ಕ್ಲಾಸುಗಳಾಗಿ ಮಾಡಿಕೊಂಡಿದ್ದಾರೆ. ಬಸ್ಸಿಲ್ಲ, ಕ್ಯಾಂಟೀನಿಲ್ಲ. ಗಣಿತ ಬೇರೆ ಶಾಲೆಗಳಿಗಿಂತ ಎರಡು ವರ್ಷ ಮುಂದೆ. ಮೇ ತಿಂಗಳಲ್ಲಿ, ರಾಜ್ಯದ ಪರೀಕ್ಷೆಯ ಜೊತೆಗೆ, ಪ್ರತಿ ವಿಷಯಕ್ಕೂ ಶಾಲೆಯದೇ ದೊಡ್ಡ ಪರೀಕ್ಷೆ. ಎರಡು ವಿಷಯದಲ್ಲಿ ಫೇಲಾದರೆ ಅದೇ ತರಗತಿಯಲ್ಲಿ ಮತ್ತೊಂದು ವರ್ಷ. ರಾಜ್ಯದ ರ‍್ಯಾಂಕಿಂಗಿನಲ್ಲಿ ಆ ಶಾಲೆ ಮೇಲೆಯೇ ಇರುತ್ತದೆ, ಮನೆಗೊಂದು ಅಡುಗೆ ತಂದು ಸೇರುವ ನಮ್ಮ ಪಾಟ್‌ಲಕ್ ಊಟಗಳಲ್ಲಿ ಅದರ ಮಾತು ಬಾರದೆ ಪಾಯಸ ಬಡಿಸುವುದಿಲ್ಲ. ಐದನೇ ತರಗತಿಯಲ್ಲಿದ್ದ ನನ್ನ ಮಗಳ ಹೆಸರನ್ನೂ ಆ ವರ್ಷದ ಲಾಟರಿಗೆ ಹಾಕಿದ್ದೆವು. ಏಜೆನ್ಸಿಯಾಕೆಗೆ ಅದನ್ನು ಮೊದಲೇ ಹೇಳಿದೆ. "ಲಾಟರಿಗೂ ಈ ಮೀಟಿಂಗಿಗೂ ಸಂಬಂಧವಿಲ್ಲವಲ್ಲ, ಹೋಗಿ ಬನ್ನಿ" ಎಂದಳು.

ಹುಡುಗಿಯ ತಾಯಿ ನನ್ನನ್ನು ನೋಡಿ ಎದ್ದು ನಿಂತರು. ಹೊಳೆನರಸೀಪುರದ ಕಡೆಯವರು. ಗಂಡ ಇಲ್ಲಿನ ಒಂದು ದೇವಸ್ಥಾನದ ಅಡುಗೆಮನೆಯಲ್ಲಿ ಅಡುಗೆಯವರು, ದೇವಸ್ಥಾನದ ವೀಸಾದಲ್ಲೇ ಇಡೀ ಸಂಸಾರ ಬಂದದ್ದು. ಬಂದ ಕೆಲವೇ ತಿಂಗಳಿಗೆ ಕೋವಿಡ್. ಆ ಮಗು ಇಲ್ಲಿನ ನಾಲ್ಕನೇ ತರಗತಿಯನ್ನೂ ಐದನೆಯದರಲ್ಲಿ ಅರ್ಧವನ್ನೂ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ಕೂತು, ತನಗೆ ಬಾರದ ಭಾಷೆಯಲ್ಲಿ, ಟ್ಯಾಬ್ಲೆಟ್ಟಿನ ಮೇಲೆ ಕಲಿತಿತ್ತು.

"ಇಷ್ಟು ದಿವ್ಸ ಮಗಳೇ ಹೇಳ್ತಿದ್ಲಲ್ಲ ಮೇಡಂ, ನಿಮಗ್ಯಾಕೆ ತೊಂದ್ರೆ ಕೊಟ್ರು?" ಎಂದರು ತಾಯಿ.

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮೇಜಿನ ಆಚೆ ಕೂತಿದ್ದ ಡೀನ್, ಅಂದರೆ ಮಕ್ಕಳ ಓದಿನ ಮೇಲ್ವಿಚಾರಕರು, ನಕ್ಕರು. ಮೃದು ಮಾತಿನ, ಸಭ್ಯ ಮನುಷ್ಯ. ಹೌದು, ಜನವರಿಯ ಮೀಟಿಂಗಿನಲ್ಲಿ ಹುಡುಗಿ ಚೆನ್ನಾಗಿಯೇ ಅನುವಾದಿಸಿದಳು, ಆದರೆ ಕೊನೆಯ ಮೀಟಿಂಗಿಗೆ ದುಭಾಷಿ ಇರಲೇಬೇಕೆಂದು ಮೇಲಿನವರು ಹೇಳಿದ್ದಾರೆ ಎಂದರು. ಹುಡುಗಿಯನ್ನು ಹೊರಗೆ ಕಳಿಸಬಹುದೇ ಎಂದು ಕೇಳಿದೆ. ಅವಳದೇ ಭವಿಷ್ಯ, ಕೇಳಲಿ ಎಂದರು. ಅವಳು ಎದ್ದು ಮೇಜಿನ ತುದಿಗೆ ಹೋಗಿ ಕೂತಳು.

ನಾನು ಶುರುವಿನಲ್ಲಿ ಹೇಳಲೇಬೇಕಾದ ಮಾತುಗಳನ್ನು ಎರಡೂ ಭಾಷೆಯಲ್ಲಿ ಹೇಳಿದೆ. ಈ ಕೋಣೆಯಲ್ಲಿ ಆಡಿದ ಪ್ರತಿ ಮಾತನ್ನೂ ಅನುವಾದಿಸುತ್ತೇನೆ, ನನ್ನದೇನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ, ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ. ಡೀನ್ ತಲೆಯಾಡಿಸಿದರು.

"ಜನವರಿಯಲ್ಲಿ ನಾವೆಲ್ಲ ಒಪ್ಪಿಕೊಂಡ ಹಾಗೆ, ಈ ಶಾಲೆ ನಿಮ್ಮ ಮಗಳಿಗೆ ಹೊಂದುವುದಿಲ್ಲ. ಅವಳನ್ನು ಬಿಡಿಸುವ ಕಾಗದಕ್ಕೆ ಸಹಿ ಹಾಕಿ ಇವತ್ತು ಮುಗಿಸಿಬಿಡೋಣ" ಎಂದರು.

ನಾನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ತಾಯಿಯ ಹುಬ್ಬು ಮೇಲೇರಿತ್ತು. "ಹೊಂದಲ್ಲ ಅಂದ್ರೆ? ಸ್ಕೂಲಿಗೂ ಮಗೀಗೂ ಜಾತಕ ನೋಡಿದ್ರಾ? ಜನವರೀಲಿ ನಾನೇನು ಒಪ್ಪಿದ್ದೆ? ಮ್ಯಾಥ್ಸು ಜಾಸ್ತಿ ಪ್ರಾಕ್ಟೀಸ್ ಮಾಡ್ಬೇಕು ಅಂದ್ರಿ, ಆಯ್ತು ಅಂದೆ."

ಡೀನ್ ಹುಡುಗಿಯ ಕಡೆ ತಿರುಗಿದರು. ತಾಯಿಯೂ ತಿರುಗಿದರು. ಹುಡುಗಿ ಚೀಲದ ಜಿಪ್ಪನ್ನು ಹಿಡಿದುಕೊಂಡು ಕನ್ನಡದಲ್ಲೇ ಹೇಳಿದಳು. "ಅಮ್ಮಾ, ಅವ್ರು ಬೇರೆ ಹೇಳಿದ್ರು. ಈ ಸ್ಕೂಲ್ ಬಿಟ್ಟು ಹೋಗು ಅಂದ್ರು. ನಾನು ನಿಂಗೆ ಪ್ರಾಕ್ಟೀಸ್ ಅಂತ ಹೇಳ್ದೆ. ನೀನು ಆಯ್ತು ಅಂದೆ. ನಾನು ಅವ್ರಿಗೆ, ಅಮ್ಮ ಆಯ್ತು ಅಂದ್ರು ಅಂತ ಹೇಳ್ದೆ."

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಹೇಳಿದೆ. ಡೀನ್ ಕುರ್ಚಿಗೆ ಒರಗಿ, ನನಗೆ ಮಾತ್ರ ಎನ್ನುವ ಹಾಗೆ ದನಿ ತಗ್ಗಿಸಿದರು. "ಅಂದರೆ ಇಬ್ಬರಿಗೂ ಸುಳ್ಳು ಹೇಳಿದ್ದಾಳೆ. ಇವಳು ಎಂಥವಳು ಅಂತ ಇದರಲ್ಲೇ ಗೊತ್ತಾಗುತ್ತದೆ. ಇದನ್ನು ಅನುವಾದಿಸಬೇಕಾಗಿಲ್ಲ."

"ಕೋಣೆಯಲ್ಲಿ ಆಡಿದ ಎಲ್ಲ ಮಾತನ್ನೂ ದುಭಾಷಿ ಅನುವಾದಿಸಬೇಕು ಸರ್" ಎಂದು ಹೇಳಿ ಅನುವಾದಿಸಿದೆ, 'ಅನುವಾದಿಸಬೇಕಾಗಿಲ್ಲ' ಎಂದದ್ದನ್ನೂ ಸೇರಿಸಿ.

ತಾಯಿ ಮೊದಲು ಸಿಟ್ಟಾದದ್ದು ಮಗಳ ಮೇಲೆಯೇ. "ಸುಳ್ಳು ಹೇಳಿದ್ಯೇನೇ?" ಎಂದು ಅರ್ಧ ಎದ್ದರು. ಹುಡುಗಿ ತಲೆ ಎತ್ತಲಿಲ್ಲ. ಮೂಗಿನಿಂದ ನೀರು ಇಳಿದು ಶರ್ಟಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ತಾಯಿ ಮತ್ತೆ ಕೂತರು. ಆಮೇಲೆ ಡೀನ್ ಮುಖವನ್ನೇ ನೋಡುತ್ತ, ಒಂದೊಂದೇ ಮಾತು ಹೇಳಿದರು.

"ಸಾರ್, ಇವಳಿಗಿನ್ನೂ ಹನ್ನೆರಡು ವರ್ಷ. ಇವಳು ಬೇಡ ಅನ್ನೋ ಮಾತನ್ನ ಇವಳ ಬಾಯಲ್ಲೇ ನನಗೆ ಹೇಳ್ಸಿದ್ರಾ?"

ಆ ಮಾತನ್ನು ಇಂಗ್ಲಿಷಿಗೆ ದಾಟಿಸುವಾಗ ನನ್ನ ದನಿ ನಡುಗಿತು. ಕ್ಯಾನ್ಸರ್ ಎಂದು ಹೇಳಿದ್ದೇನೆ, ಗಡೀಪಾರು ಎಂದು ಹೇಳಿದ್ದೇನೆ. ಆಗೆಲ್ಲ ನಡುಗಿರಲಿಲ್ಲ. ಆ ಮಾತು ನನ್ನದಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುವುದೇ ನಮಗೆ ಸಿಗುವ ಮೊದಲ ತರಬೇತಿ. ಅವತ್ತು ಅದು ಕೈಕೊಟ್ಟಿತು.

ಡೀನ್ ಮುಂದಿನ ದಾರಿಗಳ ಬಗ್ಗೆ ಹೇಳಿದರು. ಗಣಿತ, ವಿಜ್ಞಾನ ಎರಡರಲ್ಲೂ ಫೇಲಾಗುವ ಹಾಗಿದ್ದಾಳೆ, ಇಲ್ಲಿಯೇ ಉಳಿದರೆ ಏಳನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಬೇಕಾದೀತು. ಪರೀಕ್ಷೆಗೆ ಮುಂಚೆ ಬಿಟ್ಟು ಮನೆ ಹತ್ತಿರದ ಸರ್ಕಾರಿ ಮಿಡಲ್ ಸ್ಕೂಲಿಗೆ ಹೋದರೆ ಎಂಟಕ್ಕೆ ಏರುತ್ತಾಳೆ. ಅಥವಾ ಆನ್‌ಲೈನ್ ಶಾಲೆಯೂ ಇದೆ. ಎಲ್ಲವೂ ಮಗುವಿನ ಒಳ್ಳೆಯದಕ್ಕೇ. ಪರೀಕ್ಷೆಗೆ ಮುಂಚೆಯೇ ಏಕೆ ಎನ್ನುವುದನ್ನು ಅವರು ಹೇಳಲಿಲ್ಲ. ರಾಜ್ಯದ ಪರೀಕ್ಷೆಯನ್ನು ಇಲ್ಲಿ ಬರೆಯದ ಮಗುವಿನ ಅಂಕ ಈ ಶಾಲೆಯ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಸೇರಿಸುವಂತಿಲ್ಲ.

"ಬಿಡ್ಲೇಬೇಕು ಅನ್ನೋದು ರೂಲಾ, ಇಲ್ಲ ನೀವು ಹೇಳ್ತಿರೋದಾ?" ಎಂದು ತಾಯಿ ಕೇಳಿದರು.

"ನಮ್ಮ ಸಲಹೆ" ಎಂದರು ಡೀನ್.

ಆಗ ತಾಯಿ ನನ್ನ ಕಡೆಗೇ ತಿರುಗಿಬಿಟ್ಟರು. "ಮೇಡಂ, ನಿಮ್ಮ ಮಗಳಾಗಿದ್ರೆ ಏನ್ ಮಾಡ್ತಿದ್ರಿ?"

ನಮಗೆ ಅದಕ್ಕೂ ಪದ್ಧತಿ ಇದೆ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಡೀನ್‌ಗೆ ಹೇಳಿದೆ. ಆಮೇಲೆ ಎರಡೂ ಭಾಷೆಯಲ್ಲಿ, "ದುಭಾಷಿ ಇದಕ್ಕೆ ಉತ್ತರ ಹೇಳುವಂತಿಲ್ಲ" ಎಂದೆ. ಆ ತಾಯಿ ನನ್ನನ್ನು ನೋಡಿದ ನೋಟಕ್ಕೆ ಏನು ಹೇಳಲಿ. ತನ್ನ ಭಾಷೆಯವಳೂ ಮೇಜಿನ ಆಚೆ ಕಡೆಯವಳೇ ಎಂದು ತೀರ್ಮಾನಿಸಿಕೊಂಡ ಹಾಗಿತ್ತು. ಯಜಮಾನರನ್ನು ಕೇಳಬೇಕು ಎಂದರು. ಡೀನ್ ಇನ್ನೊಂದು ದಿನ ಗೊತ್ತುಮಾಡಿದರು.

ಅದೇ ವಾರ ನಮಗೆ ಲಾಟರಿಯಲ್ಲಿ ಸೀಟು ಬಂತು. ನನ್ನ ಗಂಡ ಆಫೀಸಿನಿಂದಲೇ ಫೋನು ಮಾಡಿ ಕೂಗಿಕೊಂಡರು. ಮನೆಗೆ ಬಂದ ಮೇಲೆ ನಾನು, "ಅಲ್ಲಿ ಬೇಡ" ಎಂದೆ.

"ಯಾಕೆ?"

"ಹೇಳೋ ಹಾಗಿಲ್ಲ."

"ಏನೇ ಇದು? ಎಷ್ಟು ಜನ ವೇಟಿಂಗ್ ಲಿಸ್ಟಲ್ಲಿದಾರೆ ಗೊತ್ತಾ? ರೀಸನ್ ಕೊಡು, ಕೇಳ್ತೀನಿ. ಕೊಡದೇ ಬೇಡ ಅಂದ್ರೆ ಹೇಗೆ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೋಣೆಯಲ್ಲಿ ಕೇಳಿದ್ದನ್ನು ಗಂಡನಿಗೂ ಹೇಳುವಂತಿಲ್ಲ. ಬೇರೆ ಶಾಲೆಗಳನ್ನಾದರೂ ನೋಡೋಣ ಎಂದೆ. ಒಂದು ಬೆಳಿಗ್ಗೆ ಮನೆ ಹತ್ತಿರದ ಸರ್ಕಾರಿ ಮಿಡಲ್ ಸ್ಕೂಲಿಗೆ ಹೋದೆವು. ಕಾರಿಡಾರಿನಲ್ಲಿ ಗದ್ದಲ, ಲಾಕರುಗಳ ಬಾಗಿಲು ಬಡಿಯುವ ಸದ್ದು, ಒಂದು ಗಣಿತದ ಕ್ಲಾಸಿನಲ್ಲಿ ಆ ವಾರವೆಲ್ಲ ಬದಲಿ ಟೀಚರು. ನನ್ನ ಗಂಡ ನನ್ನ ಮುಖ ನೋಡಿದರು. ಆದರೆ ಬ್ಯಾಂಡಿನ ಕೋಣೆ ದೊಡ್ಡದಾಗಿತ್ತು, ನನ್ನ ಮಗಳು ಕ್ಲಾರಿನೆಟ್ಟುಗಳ ಮುಂದೆ ನಿಂತವಳು ಕರೆದರೂ ಬರಲಿಲ್ಲ. ಓದಿನಲ್ಲಿ ಮುಂದಿದ್ದ ಮಕ್ಕಳಿಗೆ ಮೇಲಿನ ತರಗತಿಯ ಗಣಿತವೂ ಇತ್ತು. ಅಲ್ಲಿಂದ ಹೈಸ್ಕೂಲಿಗೆ ವಿಜ್ಞಾನದ ವಿಶೇಷ ಶಾಲೆಗೆ ಅರ್ಜಿ ಹಾಕಬಹುದು ಎಂದು ಕೌನ್ಸೆಲರ್ ಹೇಳಿದಳು. "ಅದೆಲ್ಲ ಗ್ಯಾರಂಟಿ ಅಲ್ವಲ್ಲ. ಚಾರ್ಟರಲ್ಲಿ ಹನ್ನೆರಡರವರೆಗೂ ಯೋಚ್ನೆ ಇಲ್ಲ" ಎಂದು ಗಂಡ ಕಾರಿನಲ್ಲಿ ಹೇಳಿದರು. ಮನೆಗೆ ಬಂದು ಸೀಟು ಒಪ್ಪಿಕೊಂಡುಬಿಟ್ಟರು. ನಾನು ತಡೆಯಲಿಲ್ಲ. ತಡೆಯಲು ಬಾಯಿ ಇರಲಿಲ್ಲ.

ಎರಡನೇ ಮೀಟಿಂಗಿಗೆ ಐದು ದಿನವಿರುವಾಗ ಏಜೆನ್ಸಿಯಾಕೆ ಫೋನು ಮಾಡಿದಳು. ಶಾಲೆಯವರು ದುಭಾಷಿ ಬೇಡ ಎಂದಿದ್ದಾರಂತೆ. ಕನ್ನಡ ಬಲ್ಲ ಪೋಷಕರೊಬ್ಬರು ಸ್ವಯಂಸೇವಕರಾಗಿ ಬರುತ್ತಾರಂತೆ. ಯಾರೆಂದು ಕೇಳಬೇಕಾಗಿರಲಿಲ್ಲ. ಆ ಶಾಲೆಯ ಪೋಷಕರ ಸಮಿತಿಯಲ್ಲಿ ಕನ್ನಡದವರು ಒಬ್ಬರೇ. ಬ್ಯಾಂಕೊಂದರ ಐಟಿ ವಿಭಾಗದಲ್ಲಿ ದೊಡ್ಡ ಹುದ್ದೆ, ಇಬ್ಬರು ಗಂಡುಮಕ್ಕಳೂ ಅಲ್ಲಿಯೇ, ದೇವಸ್ಥಾನದ ಎಲ್ಲ ಕಾರ್ಯಕ್ರಮಕ್ಕೂ ಮೈಕು ಅವರ ಕೈಯಲ್ಲೇ.

ಆ ಭಾನುವಾರ ದೇವಸ್ಥಾನದ ಊಟದ ಸಾಲಿನಲ್ಲಿ ನಿಂತಿದ್ದೆ. ಆ ತಾಯಿ ಚಿತ್ರಾನ್ನ ಬಡಿಸುತ್ತಿದ್ದವರು ಸೌಟನ್ನು ಪಕ್ಕದವರಿಗೆ ಕೊಟ್ಟು, ನನ್ನನ್ನು ಅಡುಗೆಮನೆಯ ಹಿಂದಿನ ಬಾಗಿಲಿಗೆ ಕರೆದರು.

"ಅಕ್ಕ, ಆ ಸ್ಕೂಲ್ ಕಮಿಟಿಯವರು ಮನೆಗೇ ಬಂದಿದ್ರು. ಹಣ್ಣೆಲ್ಲ ತಂದಿದ್ರು. ನೋಡಮ್ಮ, ಗಲಾಟೆ ಮಾಡ್ಕೋಬೇಡಿ, ನಿಮ್ದು ದೇವಸ್ಥಾನದ ವೀಸಾ, ಗ್ರೀನ್ ಕಾರ್ಡ್ ಟೈಮಲ್ಲಿ ಇದೆಲ್ಲ ನೋಡ್ತಾರೆ ಅಂದ್ರು. ನಮ್ಮ ಯಜಮಾನ್ರು ಅವತ್ತಿಂದ ಊಟ ಬಿಟ್ಟವ್ರೆ. ಸೈನ್ ಹಾಕ್ಬಿಡು ಅಂತವ್ರೆ. ನಿಜವಾ ಅಕ್ಕ?"

ಎಲ್ಲ ಮಾತನ್ನೂ ಅನುವಾದಿಸುವ ಹೊರಗಿನ ದುಭಾಷಿ ಬಂದರೆ ಶಾಲೆಗೆ ಕಷ್ಟ, ಅದಕ್ಕೇ ನಮ್ಮವರನ್ನೇ ಹಿಡಿದರು. ನಮ್ಮವರೂ ಹೋದರು, ಹಣ್ಣು ಹಿಡಿದುಕೊಂಡು. ನನಗೆ ಮೈ ಉರಿದುಹೋಯಿತು. ಆದರೂ ಏಜೆನ್ಸಿಯ ದಾಖಲೆಯಲ್ಲಿ ನಾನಿನ್ನೂ ಆ ಪ್ರಕರಣದ ದುಭಾಷಿ, ಅವರಿಗೆ ಸಲಹೆ ಕೊಡುವ ಅಧಿಕಾರ ನನಗಿಲ್ಲ. "ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ" ಎಂದಷ್ಟೇ ಹೇಳಿದೆ.

ಸೋಮವಾರ ಏಜೆನ್ಸಿ ಬಾಗಿಲು ತೆರೆಯುತ್ತಿದ್ದಂತೆ ಫೋನು ಮಾಡಿ, ಆ ಪ್ರಕರಣದಿಂದಲೂ ಆ ಶಾಲೆಯ ಎಲ್ಲ ಕೆಲಸದಿಂದಲೂ ನನ್ನನ್ನು ಬಿಡಿಸಿ ಎಂದೆ. ಏಕೆ ಎಂದಳು. ಆ ಕುಟುಂಬದ ಗೆಳತಿಯಾಗಿ ಅವರ ಜೊತೆ ಹೋಗುತ್ತೇನೆ, ಎರಡೂ ಒಟ್ಟಿಗೆ ಆಗುವುದಿಲ್ಲ ಎಂದೆ. ಇನ್ನು ಶಾಲೆಗಳ ಕೆಲಸ ನಿಮಗೆ ಕಳಿಸುವುದು ಕಷ್ಟವಾಗಬಹುದು ಎಂದಳು. ಗೊತ್ತು ಎಂದೆ. ಅವತ್ತು ಕೋಣೆಯಲ್ಲಿ ಕೇಳಿದ್ದನ್ನು ಆಮೇಲೂ ಆ ತಾಯಿಯ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಲಿಲ್ಲ. ಆ ತಾಯಿ ತಾವಾಗಿ ಹೇಳಿದ್ದು ಮಾತ್ರ ನನ್ನದಾಯಿತು, ಅದೇ ಸಾಕಾಗಿತ್ತು.

ಅವರಿಗೆ ಫೋನು ಮಾಡಿ, ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಮಗು ಶಾಲೆ ಬಿಡುವುದಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ಇಷ್ಟವಿಲ್ಲದೆ ಸಹಿ ಹಾಕಬೇಕಾಗಿಲ್ಲ. ಚಾರ್ಟರ್ ಆದರೂ ಅದು ಸರ್ಕಾರದ ದುಡ್ಡಿನ ಶಾಲೆ, ದುಭಾಷಿಯನ್ನು ಕೇಳಿದರೆ ಕೊಡಬೇಕು, ಮಗುವಿಗೆ ಕಲಿಯಲು ಏನು ತೊಡಕು ಎಂದು ಪರೀಕ್ಷಿಸಿ ಎಂದು ಬರೆದು ಕೇಳಬಹುದು. ಅವರು ಎಲ್ಲ ಕೇಳಿಸಿಕೊಂಡು, "ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದರು. ವಿವರಿಸಿದೆ. "ಎಂಥಾ ಕೆಲ್ಸಾನಕ್ಕ ನಿಮ್ದು" ಎಂದರು.

ಆಮೇಲೆ ಸಮಿತಿಯವರಿಗೆ ಫೋನು ಮಾಡಿದೆ.

"ಹೆಲ್ಪ್ ಮಾಡಕ್ಕೆ ಹೋಗಿದ್ದು ರೀ ನಾನು" ಎಂದರು. "ಆ ಮಗು ಅಲ್ಲಿ ಸಫರ್ ಆಗ್ತಿದೆ."

"ವೀಸಾ ವಿಷ್ಯ ನಿಮಗೆ ಯಾರು ಹೇಳಿದ್ದು?"

"ಜನರಲ್ ಆಗಿ ಹೇಳ್ದೆ ಅಷ್ಟೇ. ನೋಡಿ, ಸ್ಕೂಲ್ ಸ್ಕೋರ್ ಬಿದ್ರೆ ನಮ್ಮೆಲ್ಲಾ ಮಕ್ಕಳಿಗೂ ಲಾಸು. ನಿಮ್ಮ ಮಗಳೂ ಬರ್ತಿದಾಳಂತಲ್ಲ, ಸ್ವಲ್ಪ ಯೋಚ್ನೆ ಮಾಡಿ."

"ನೀವು ಹೆದರಿಸಿದ್ದು ನಿಮಗೆ ಊಟ ಹಾಕೋರನ್ನ" ಎಂದೆ. ಫೋನು ಇಟ್ಟರು.

ಮೀಟಿಂಗಿನ ದಿನ ಹುಡುಗಿಯ ಅಪ್ಪ ಕಾರಿನಲ್ಲಿ ನಮ್ಮಿಬ್ಬರನ್ನೂ ಬಿಟ್ಟು ನೈವೇದ್ಯದ ಹೊತ್ತಾಯಿತೆಂದು ಹೋದರು. ಕೋಣೆಯಲ್ಲಿ ಡೀನ್ ಪಕ್ಕದಲ್ಲಿ ಸಮಿತಿಯವರು ಕೂತಿದ್ದರು. ತಾಯಿ ನಿಂತುಕೊಂಡೇ, ಮನೆಯಲ್ಲಿ ಕಲಿತು ಬಂದಿದ್ದ ಎರಡೇ ಇಂಗ್ಲಿಷ್ ಪದ ಹೇಳಿದರು. "ಇಂಟರ್‌ಪ್ರಿಟರ್, ಪ್ಲೀಸ್."

"ಇವರಿದ್ದಾರಲ್ಲ" ಎಂದರು ಡೀನ್.

ತಾಯಿ ಅದೇ ಎರಡು ಪದ ಮತ್ತೆ ಹೇಳಿದರು. ಮಗಳು ಬಾಗಿಲಲ್ಲಿ ನಿಂತಿದ್ದಳು, ಅವಳಿಗೆ ಕೈಸನ್ನೆ ಮಾಡಿ ಲೈಬ್ರರಿಗೆ ಕಳಿಸಿದರು. ಡೀನ್ ಕೊನೆಗೆ ಮೇಜಿನ ಫೋನಿನಲ್ಲಿ ದುಭಾಷಿಗಳ ಸೇವೆಗೆ ಕರೆ ಮಾಡಿದರು. ಕಾದೆವು. ಸಮಿತಿಯವರು ಗಡಿಯಾರ ನೋಡಿ, ಇನ್ನೊಂದು ಮೀಟಿಂಗ್ ಇದೆ ಎಂದು ಎದ್ದುಹೋದರು. ಆಮೇಲೆ ಸ್ಪೀಕರಿನಲ್ಲಿ ಕರಾವಳಿಯ ಕನ್ನಡದ ಒಂದು ಹೆಣ್ಣುದನಿ, ಯಾವ ರಾಜ್ಯದಿಂದಲೋ, "ನಮಸ್ಕಾರ, ಇಲ್ಲಿ ಆಡಿದ ಪ್ರತಿ ಮಾತನ್ನೂ ನಾನು ಅನುವಾದ ಮಾಡ್ತೇನೆ" ಎಂದಿತು. ಒಂದೆರಡು ಕಡೆ ಆಕೆಯ ಪದ ನನಗೆ ಸರಿಬರಲಿಲ್ಲ. ತುಟಿ ಕಚ್ಚಿಕೊಂಡು ಕೂತೆ.

ತಾಯಿ ಹೆಚ್ಚು ಮಾತಾಡಲಿಲ್ಲ. ಮಗಳನ್ನು ಬಿಡಿಸುವುದಿಲ್ಲ. ಅವಳಿಗೆ ಎಲ್ಲಿ ತೊಡಕು ಎಂದು ನೋಡಿ. ಗಣಿತಕ್ಕೆ ಸಹಾಯ ಕೊಡಿ. ಇನ್ನು ಮುಂದೆ ಅವಳ ಬಾಯಲ್ಲಿ ಏನನ್ನೂ ಹೇಳಿಸಬೇಡಿ. ಡೀನ್ ಎಲ್ಲಕ್ಕೂ "ಖಂಡಿತ" ಎಂದರು. ಅಷ್ಟು ಸುಲಭವಾಗಿ ಒಪ್ಪಿದರು ಎನ್ನುವುದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಕೊಡಲು ಮೊದಲೇ ಸಾಧ್ಯವಿತ್ತು.

ಪರೀಕ್ಷಿಸಿ ನೋಡಿದರೆ ಆ ಮಗುವಿಗೆ ಕಾಯಿಲೆಯೂ ಇರಲಿಲ್ಲ, ಬುದ್ಧಿಗೆ ಕೊರತೆಯೂ ಇರಲಿಲ್ಲ. ಭಿನ್ನರಾಶಿ ಬರುತ್ತಿರಲಿಲ್ಲ. ಟ್ಯಾಬ್ಲೆಟ್ಟಿನ ವರ್ಷಗಳಲ್ಲಿ ತಪ್ಪಿಹೋಗಿದ್ದ ಪಾಠ. ಬೀಜಗಣಿತವೆಲ್ಲ ಅದರ ಮೇಲೆ ಕಟ್ಟಿದ್ದರಿಂದ ಎಲ್ಲವೂ ಕುಸಿಯುತ್ತಿತ್ತು. ಇಷ್ಟನ್ನು ಕಂಡುಹಿಡಿಯಲು ಒಬ್ಬ ಟೀಚರು ಒಂದು ಮಧ್ಯಾಹ್ನ ಅವಳ ಪಕ್ಕ ಕೂತರೆ ಸಾಕಾಗಿತ್ತು. ಕೂತ ಮೇಲೆ ಅವಳು ಬೇಗ ಬೇಗ ಹಿಡಿದುಕೊಂಡಳು, ಆದರೆ ಹೊತ್ತು ಸಾಲಲಿಲ್ಲ. ಮೇ ಪರೀಕ್ಷೆಯಲ್ಲಿ ವಿಜ್ಞಾನ ಪಾಸು, ಗಣಿತ ಫೇಲು. ಒಂದೇ ವಿಷಯವಾದ್ದರಿಂದ ಶಾಲೆಯ ನಿಯಮದಂತೆಯೇ ಎಂಟನೇ ತರಗತಿಗೆ ಏರಿದಳು.

ಮತ್ತು ಆ ಬೇಸಿಗೆಯಲ್ಲಿ ಅವರು ಶಾಲೆ ಬಿಟ್ಟರು. ಅಪ್ಪ ಅಮ್ಮ ಮಗಳು ಮೂವರೂ ಕೂತು ತೀರ್ಮಾನಿಸಿದ್ದು. ಸರ್ಕಾರಿ ಶಾಲೆಯ ಬಸ್ಸು ಅಪಾರ್ಟ್‌ಮೆಂಟಿನ ಗೇಟಿಗೇ ಬರುತ್ತದೆ, ಮಧ್ಯಾಹ್ನ ಬಿಸಿ ಊಟವಿದೆ, ಹುಡುಗಿಗೆ ಹಾಡುವ ಆಸೆ, ಅಲ್ಲಿ ಕಾಯರ್ ಎಂಬ ಹಾಡುವ ತಂಡ ಇದೆ. "ಈಗ ನಾವಾಗಿ ಹೋಗ್ತಿದೀವಿ ಅಕ್ಕ" ಎಂದರು ತಾಯಿ. ಸಮಿತಿಯವರು ದೇವಸ್ಥಾನದಲ್ಲಿ ಸಿಕ್ಕಾಗ, "ನೋಡಿ, ಕೊನೆಗೂ ಹೋದ್ರಲ್ಲ. ಅಷ್ಟೆಲ್ಲಾ ರಾದ್ಧಾಂತ ಯಾಕ್ ಬೇಕಿತ್ತು?" ಎಂದರು. ಹೋಗುವುದಕ್ಕೂ ಅಟ್ಟಿಸಿಕೊಳ್ಳುವುದಕ್ಕೂ ವ್ಯತ್ಯಾಸ ತಿಳಿಯದವರಿಗೆ ಯಾವ ಭಾಷೆಯಲ್ಲಿ ಹೇಳುವುದು? ಪ್ರಸಾದ ತೆಗೆದುಕೊಂಡು ಬಂದೆ.

ಆ ತಾಯಿಯ ಅನುಮತಿ ಕೇಳಿದೆ, ಯಾರಿಗೆ ಬೇಕಾದರೂ ಹೇಳಿ ಎಂದರು. ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು, "ನಮ್ಮವಳು ಫೇಲಾಗಲ್ಲ ಕಣೆ" ಎಂದರು.

"ಗೊತ್ತು. ಅದಕ್ಕೇ ಹೊಟ್ಟೆ ಉರಿಯೋದು. ನಮ್ಮವಳಿಗೆ ಎಲ್ರೂ ಚೆನ್ನಾಗೇ ಇರ್ತಾರೆ. ಪಕ್ಕದ ಸೀಟಿನವಳು ಒಂದಿನ ಯಾಕೆ ಬರ್ಲಿಲ್ಲ ಅಂತ ಅವಳಿಗೆ ಗೊತ್ತೂ ಆಗಲ್ಲ."

"ಸೀಟ್ ಬಿಟ್ರೆ ಇನ್ನೊಬ್ರು ತಗೋತಾರೆ. ಸ್ಕೂಲೇನೂ ಬದಲಾಗಲ್ಲ."

"ಬದಲಾಗ್ದೆ ಇರ್ಲಿ."

ಮಗಳನ್ನು ಕೇಳಿದೆವು. ಕ್ಲಾರಿನೆಟ್ ಎಂದಳು. ಗಂಡ ನಿಟ್ಟುಸಿರು ಬಿಟ್ಟು, "ನೀನೇ ಫೋನ್ ಮಾಡು, ನನ್ನ ಕೈಲಾಗಲ್ಲ" ಎಂದರು.

ಶಾಲೆಯ ಆಫೀಸಿನ ಹುಡುಗಿ ಸೀಟು ಬಿಡುತ್ತೇವೆ ಎಂದದ್ದಕ್ಕೆ ಅಚ್ಚರಿಪಟ್ಟಳು. ಕಾರಣ ದಾಖಲಿಸಬೇಕು ಎಂದಳು. ಮನೆ ಬದಲಾಯಿಸುತ್ತಿದ್ದೀರಾ? ಇಲ್ಲ. ದೂರವಾಗುತ್ತದೆಯೇ? ಇಲ್ಲ. ಮಗುವಿಗೆ ಓದು ಕಷ್ಟವಾಗಬಹುದೆಂದೇ? ಇಲ್ಲ, ಚೆನ್ನಾಗಿ ಓದುತ್ತಾಳೆ ಎಂದೆ.

"ಮತ್ತೆ?"

"ನಿಮ್ಮ ಶಾಲೆ ಒಂದು ಮಗು ತನಗೆ ಬೇಡ ಅನ್ನೋದನ್ನು ಆ ಮಗುವಿನ ಬಾಯಿಂದಲೇ ಅದರ ತಾಯಿಗೆ ಹೇಳಿಸಿತು. ಅದಕ್ಕೆ."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. ಮೆಲ್ಲಗೆ, "'ಇತರೆ' ಅಂತ ಹಾಕಲೇ?" ಎಂದಳು.

"ಬೇಡ. ನಾನು ಹೇಳಿದ್ದನ್ನೇ ಹಾಕಿ. ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ" ಎಂದೆ.

ಮತ್ತೆ ಹೇಳಿದೆ, ಒಂದೊಂದೇ ಪದ, ಅವಳ ಬೆರಳು ಹಿಂದೆ ಬೀಳದ ಹಾಗೆ.